ಒಡೆಯರು ಬದಲಾದರು, ಹೆಸರು ಉಳಿಯಿತು

2007ರ ಮೇ ತಿಂಗಳಲ್ಲಿ ಬೆಂಗಳೂರಿನ ಯುನೈಟೆಡ್ ಸ್ಪಿರಿಟ್ಸ್ ಸಂಸ್ಥೆಯು ಸ್ಕಾಟ್ಲೆಂಡಿನ ‘ವೈಟ್ ಅಂಡ್ ಮೆಕೈ’ ವಿಸ್ಕಿ ಕಂಪನಿಯನ್ನು 59.5 ಕೋಟಿ ಪೌಂಡ್‌ಗಳಿಗೆ ಖರೀದಿಸಿದಾಗ ನಮ್ಮ ವ್ಯಾಪಾರ ವಲಯದಲ್ಲಿ ಹೆಮ್ಮೆ ಮೂಡಿದ್ದು ಸಹಜವೇ ಆಗಿತ್ತು. ಏಳು ವರ್ಷಗಳ ತರುವಾಯ, 2014ರಲ್ಲಿ, ಅದೇ ಕಂಪನಿಯು 43 ಕೋಟಿ ಪೌಂಡ್‌ಗಳಿಗೆ ಫಿಲಿಪ್ಪೀನ್ಸ್ ದೇಶದ ಎಂಪೆರಡಾರ್ ಸಂಸ್ಥೆಯ ಪಾಲಾಯಿತು. ಮದ್ಯದ ಗುಣದೋಷಗಳ ಚರ್ಚೆ ಈ ಲೇಖನದ ಉದ್ದೇಶವಲ್ಲ. ಒಂದು ಹೆಸರು ಇಷ್ಟೊಂದು ಕೈಗಳನ್ನು ದಾಟಿಯೂ ಹೇಗೆ ಉಳಿಯಿತು, ಅದನ್ನು ಕೊಂಡವರು ಏಕೆ ಉಳಿಸಿಕೊಳ್ಳಲಾಗಲಿಲ್ಲ ಎಂಬುದನ್ನು ನಮ್ಮ ಉದ್ದಿಮೆದಾರರು ಅರಿಯುವುದು ಒಳಿತು.

ಈ ಸಂಸ್ಥೆಯ ಬೇರು 1844ರಲ್ಲಿ ಗ್ಲಾಸ್ಗೋ ನಗರದಲ್ಲಿ ಆರಂಭವಾದ ಒಂದು ವರ್ತಕ ಮಳಿಗೆಯಲ್ಲಿದೆ. 1860ರ ಬ್ರಿಟಿಷ್ ಕಾಯ್ದೆಯು ಸುಂಕ ಪಾವತಿಗೆ ಮುನ್ನವೇ, ಸರ್ಕಾರಿ ನಿಗಾದ ಉಗ್ರಾಣದಲ್ಲಿ, ಮಾಲ್ಟ್ ವಿಸ್ಕಿ ಮತ್ತು ಧಾನ್ಯ ವಿಸ್ಕಿಗಳನ್ನು ಬೆರೆಸಲು ಅವಕಾಶ ನೀಡಿತು. ಇದರಿಂದ ಬ್ಲೆಂಡೆಡ್ ಸ್ಕಾಚ್ ಎಂಬ ಹೊಸ ಸರಕಿಗೆ ದಾರಿಯಾಯಿತು. ಅದನ್ನು ಬೆಳೆಸಿದವರಲ್ಲಿ ಭಟ್ಟಿ ಇಳಿಸುವವರಿಗಿಂತ ದಿನಸಿ ವ್ಯಾಪಾರಿಗಳು, ಸಗಟು ವರ್ತಕರೇ ಪ್ರಮುಖರು ಎಂಬುದು ಗಮನಾರ್ಹ. ಜೇಮ್ಸ್ ವೈಟ್ ಮತ್ತು ಚಾರ್ಲ್ಸ್ ಮೆಕೈ 1882ರಲ್ಲಿ ಪಾಲುದಾರರಾಗಿ ತಮ್ಮ ಹೆಸರಿನಲ್ಲೇ ಈ ವ್ಯಾಪಾರವನ್ನು ಮುನ್ನಡೆಸಿದರು.

ಕೈಯಿಂದ ಕೈಗೆ

1970ರ ದಶಕದಿಂದೀಚೆಗೆ ಒಡೆತನವು ನಿಂತಲ್ಲಿ ನಿಲ್ಲಲಿಲ್ಲ. ಮೊದಲು ಸ್ಕಾಟಿಷ್ ಅಂಡ್ ಯೂನಿವರ್ಸಲ್ ಇನ್ವೆಸ್ಟ್‌ಮೆಂಟ್ಸ್, 1979ರಲ್ಲಿ ಲೋನ್ರೋ, ಆ ದಶಕದ ಬಳಿಕ ಬ್ರೆಂಟ್ ವಾಕರ್, 1990ರಲ್ಲಿ ಅಮೆರಿಕನ್ ಬ್ರಾಂಡ್ಸ್ ಹೀಗೆ ಒಡೆಯರು ಬದಲಾಗುತ್ತ ಹೋದರು. 2001ರಲ್ಲಿ ಸಂಸ್ಥೆಯ ಆಡಳಿತ ವರ್ಗವೇ ಅದನ್ನು ಕೊಂಡು ‘ಕಿಂಡಾಲ್’ ಎಂಬ ಹೊಸ ಹೆಸರಿಟ್ಟಿತು. ಎರಡೇ ವರ್ಷಗಳಲ್ಲಿ, ಅಂದರೆ 2003ರಲ್ಲಿ, ಕಂಪನಿಯು ಹಳೆಯ ಹೆಸರಿಗೇ ಮರಳಿತು. ಗ್ರಾಹಕರ ಮನಸ್ಸಿನಲ್ಲಿ ಬೇರೂರಿದ ಹೆಸರಿನ ಮೌಲ್ಯಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಆದರೆ ಹೆಸರು ತಾನಾಗಿಯೇ ಬಾಳುವುದಿಲ್ಲ. ಸ್ಕಾಟ್ಲೆಂಡಿನಲ್ಲೇ ಭಟ್ಟಿ ಇಳಿಸಿ, ಓಕ್ ಮರದ ಪೀಪಾಯಿಗಳಲ್ಲಿ ಕನಿಷ್ಠ 3 ವರ್ಷ ಅಲ್ಲಿಯೇ ಪಕ್ವಗೊಳಿಸದ ಹೊರತು ಸ್ಕಾಚ್ ಎನ್ನುವಂತಿಲ್ಲ ಎಂಬ ಕಾನೂನು ಅದರ ಬೆನ್ನಿಗಿದೆ. ಮಾಲ್ಟ್ ವಿಸ್ಕಿಗಳನ್ನು ಮೊದಲು ಬೆರೆಸಿ ಪೀಪಾಯಿಗಳಲ್ಲಿಟ್ಟು, ಅನಂತರ ಧಾನ್ಯ ವಿಸ್ಕಿ ಸೇರಿಸಿ ಮತ್ತೊಮ್ಮೆ ಪೀಪಾಯಿಗಳಲ್ಲಿಡುವ ಎರಡು ಹಂತದ ಪದ್ಧತಿ ಈ ಸಂಸ್ಥೆಯ ವಿಶೇಷ. 1970ರಲ್ಲಿ ಸೇರಿದ ಮಿಶ್ರಣ ತಜ್ಞ ರಿಚರ್ಡ್ ಪ್ಯಾಟರ್ಸನ್ ಸುಮಾರು ಅರ್ಧ ಶತಮಾನ ಕಾಲ ಇಲ್ಲಿ ದುಡಿದರು. ಮಾಲೀಕರು ಬಂದು ಹೋದರೂ ರುಚಿಯನ್ನು ಕಾಯುವವರು ಉಳಿದಿದ್ದರು.

ಬೆಂಗಳೂರಿನ ಅಧ್ಯಾಯ

ಯುನೈಟೆಡ್ ಸ್ಪಿರಿಟ್ಸ್‌ನ ಖರೀದಿ ಕೇವಲ ಪ್ರತಿಷ್ಠೆಯ ವ್ಯವಹಾರವಾಗಿತ್ತು ಎಂಬ ಟೀಕೆಯನ್ನು ನಾನು ಒಪ್ಪುವುದಿಲ್ಲ. ಭಾರತೀಯ ವಿಸ್ಕಿಗಳ ಮೇಲ್ದರ್ಜೆಯ ಮಿಶ್ರಣಗಳಿಗೆ ಸ್ಕಾಚ್ ಬೇಕೇ ಬೇಕು. ಅದರ ಪೂರೈಕೆಯ ಮೂಲವನ್ನೇ ಕೈವಶ ಮಾಡಿಕೊಳ್ಳುವುದು ಜಾಣ ಲೆಕ್ಕಾಚಾರವೇ ಸರಿ. ದೋಷವಿದ್ದುದು ಹಣ ಹೊಂದಿಸಿದ ರೀತಿಯಲ್ಲಿ. ಖರೀದಿಗಾಗಿ ಭಾರಿ ಸಾಲ ಎತ್ತಲಾಯಿತು. ಮರುವರ್ಷವೇ ಜಾಗತಿಕ ಹಣಕಾಸು ಬಿಕ್ಕಟ್ಟು ಎರಗಿತು. ಅದೇ ಸಮೂಹದ ವಿಮಾನಯಾನ ಸಂಸ್ಥೆಯು 2012ರಲ್ಲಿ ಹಾರಾಟ ನಿಲ್ಲಿಸಿತು. ಆ ವರ್ಷದ ನವೆಂಬರಿನಲ್ಲಿ ಬ್ರಿಟನ್ನಿನ ಡಿಯಾಜಿಯೊ ಕಂಪನಿಯು ಯುನೈಟೆಡ್ ಸ್ಪಿರಿಟ್ಸ್‌ನ ಷೇರುಗಳನ್ನು ಕೊಳ್ಳುವ ಒಪ್ಪಂದಕ್ಕೆ ಬಂದಿತು. ಡಿಯಾಜಿಯೊ ಬಳಿ ಆಗಲೇ ‘ಬೆಲ್ಸ್’ ಮುಂತಾದ ಬ್ರಾಂಡ್‌ಗಳಿದ್ದುದರಿಂದ, ಎರಡೂ ಒಂದೇ ಕೈಗೆ ಸೇರಿದರೆ ಪೈಪೋಟಿ ಕುಗ್ಗೀತೆಂದು ಬ್ರಿಟನ್ನಿನ ವ್ಯಾಪಾರ ಸ್ಪರ್ಧಾ ನಿಯಂತ್ರಕರು ಆಕ್ಷೇಪಿಸಿದರು. ವೈಟ್ ಅಂಡ್ ಮೆಕೈಯನ್ನು ಮಾರದೆ ಗತ್ಯಂತರವಿರಲಿಲ್ಲ. ಮಾರಲೇಬೇಕಾದವನಿಗೆ ತಾನು ಬಯಸಿದ ಬೆಲೆ ಸಿಗುವುದು ಅಪರೂಪವೆಂಬುದು ನಮ್ಮ ಮಾರುಕಟ್ಟೆಗಳಲ್ಲಿ ವ್ಯವಹರಿಸುವ ಯಾರಿಗೂ ಹೊಸದಲ್ಲ.

ಇದರಿಂದ ಕಲಿಯಬೇಕಾದುದು ಎರಡು. ಮೊದಲನೆಯದು, ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಹಿರಿಯರ ಮಾತು. ಕೊಂಡ ಉದ್ಯಮವು ತನ್ನ ಆದಾಯದಿಂದಲೇ ತನ್ನ ಸಾಲ ತೀರಿಸುವಂತಿರಬೇಕು. ಒಂದು ಘಟಕದ ನಷ್ಟ ಇನ್ನೊಂದರ ಕುತ್ತಿಗೆಗೆ ಬರಬಾರದು. ಎರಡನೆಯದು, ಹೆಸರೂ ಒಂದು ಆಸ್ತಿ. ನಮ್ಮ ಅನೇಕ ಸಣ್ಣ ತಯಾರಕರು ಯಂತ್ರಕ್ಕೆ ವಿಮೆ ಮಾಡಿಸುತ್ತಾರೆ, ಜಾಗದ ಪತ್ರವನ್ನು ಜೋಪಾನವಾಗಿಡುತ್ತಾರೆ. ಮೂವತ್ತು ವರ್ಷ ದುಡಿದು ಗಳಿಸಿದ ಹೆಸರನ್ನು ಮಾತ್ರ ನೋಂದಾಯಿಸಿರುವುದಿಲ್ಲ. 1999ರ ವ್ಯಾಪಾರ ಚಿಹ್ನೆಗಳ ಕಾಯ್ದೆಯಡಿ ನೋಂದಣಿಗೆ 10 ವರ್ಷಗಳ ಅವಧಿಯಿದ್ದು, ಮತ್ತೆ ಮತ್ತೆ ನವೀಕರಿಸಬಹುದು. 2017ರ ನಿಯಮಗಳು ಸಣ್ಣ ಉದ್ದಿಮೆಗಳಿಗೆ ಅರ್ಧದಷ್ಟು ಶುಲ್ಕ ವಿನಾಯಿತಿಯನ್ನೂ ನೀಡಿವೆ.

2025ರ ಜುಲೈನಲ್ಲಿ ಭಾರತ ಮತ್ತು ಬ್ರಿಟನ್ ಸಹಿ ಹಾಕಿದ ಒಪ್ಪಂದವು ಸ್ಕಾಚ್ ಮೇಲಿನ ಶೇ. 150ರ ಆಮದು ಸುಂಕವನ್ನು ಮೊದಲು ಶೇ. 75ಕ್ಕೆ, ಹತ್ತನೆಯ ವರ್ಷದ ವೇಳೆಗೆ ಶೇ. 40ಕ್ಕೆ ಇಳಿಸಲು ಅವಕಾಶ ಕಲ್ಪಿಸಿದೆ. ಹಳೆಯ ಹೆಸರುಗಳು ಇನ್ನಷ್ಟು ಅಗ್ಗವಾಗಿ ನಮ್ಮ ಬಾಗಿಲಿಗೆ ಬರಲಿವೆ. ಸುಂಕದ ಗೋಡೆಯನ್ನೇ ನಂಬಿ ಕುಳಿತವರಿಗೆ ಇದು ಎಚ್ಚರಿಕೆಯ ಗಂಟೆ. ಗುಣಮಟ್ಟವನ್ನು ಕಾಯ್ದು, ಹೆಸರನ್ನು ಭದ್ರಪಡಿಸಿಕೊಂಡವರು ಅಂಜಬೇಕಾದುದಿಲ್ಲ.