ಬೆಳ್ಳಿಗೆ ಲೆಕ್ಕ ಉಂಟು, ಖಲಾಸಿಗೆ?

2024ರ ಮೇ 8ರಂದು ಬ್ರಿಟನ್ನಿನ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ವಿಷಯ, ಸಮುದ್ರದ ತಳದಿಂದ ಎತ್ತಿದ 2,364 ಬೆಳ್ಳಿ ಗಟ್ಟಿ. ಎತ್ತಿದ ಕಂಪೆನಿ ತನಗೂ ಪಾಲು ಬೇಕು ಅಂತ ಕೇಳಿತ್ತು. ಬೆಳ್ಳಿ ನಮ್ಮದು, ಸರಕಾರದ ಸೊತ್ತಿನ ಮೇಲೆ ದಾವೆ ಹೂಡಲಿಕ್ಕೆ ಆಗುವುದಿಲ್ಲ ಅಂತ ದಕ್ಷಿಣ ಆಫ್ರಿಕಾ ವಾದಿಸಿತ್ತು. ತೀರ್ಪು ದಕ್ಷಿಣ ಆಫ್ರಿಕಾದ ಪರವಾಗಿ ಬಂತು.

ಆ ಬೆಳ್ಳಿ ಹೊತ್ತಿದ್ದ ಹಡಗಿನ ಹೆಸರು ತಿಲಾವಾ. ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಶನ್ ಕಂಪೆನಿಯದ್ದು. 1942ರ ನವೆಂಬರ್ 20ರಂದು ಮುಂಬೈಯಿಂದ ಆಫ್ರಿಕಾಕ್ಕೆ ಹೊರಟಿತ್ತು. ಹಡಗಿನಲ್ಲಿ 958 ಜನ, ಅದರಲ್ಲಿ 222 ಮಂದಿ ಸಿಬ್ಬಂದಿ. ನವೆಂಬರ್ 23ರ ನಸುಕಿಗೆ ಹಿಂದೂ ಮಹಾಸಾಗರದಲ್ಲಿ ಜಪಾನಿನ ಸಬ್‌ಮೆರಿನ್ ಅದನ್ನು ಟಾರ್ಪಿಡೊ ಹೊಡೆದು ಮುಳುಗಿಸಿತು. 280 ಜನ ತೀರಿಹೋದರು. ಉಳಿದವರನ್ನು ಬರ್ಮಿಂಗ್‌ಹ್ಯಾಮ್ ಎಂಬ ಯುದ್ಧನೌಕೆ ಮತ್ತು ಕಾರ್ತೇಜ್ ಎಂಬ ಹಡಗು ರಕ್ಷಿಸಿದವು.

ಎಂಬತ್ತು ವರ್ಷದ ನಂತರವೂ ಬೆಳ್ಳಿಯ ಲೆಕ್ಕ ಪಕ್ಕಾ ಇತ್ತು. ಎಷ್ಟು ಗಟ್ಟಿ, ಯಾರದ್ದು, ಎಲ್ಲಿಗೆ, ಎಲ್ಲದಕ್ಕೂ ಕಾಗದ ಉಂಟು. ಅದೇ ಹಡಗಿನಲ್ಲಿ ಹೋದವರ ಮಕ್ಕಳು, ಮೊಮ್ಮಕ್ಕಳು ಹೆಸರು, ಫೋಟೊ, ಪತ್ರಗಳನ್ನು ತಾವೇ ಮನೆಮನೆಯಿಂದ ಕಲೆಹಾಕಬೇಕಾಗಿ ಬಂತು. 2022ರ ನವೆಂಬರಿನಲ್ಲಿ, ಎಂಬತ್ತನೇ ವರ್ಷಕ್ಕೆ, ಮುಂಬೈಯಲ್ಲಿ ಸೇರಿ ನೆನಪು ಮಾಡಿಕೊಂಡರು. ಸರಕಿಗೆ ಸಿಕ್ಕ ಲೆಕ್ಕ ಮನುಷ್ಯನಿಗೆ ಯಾಕೆ ಸಿಗುವುದಿಲ್ಲ? ಈ ಪ್ರಶ್ನೆ ತಿಲಾವಾಕ್ಕೆ ಮಾತ್ರ ಸೇರಿದ್ದಲ್ಲ.

ಇಂಡಿಯಾದ ವ್ಯಾಪಾರದ ಹಡಗುಗಳಲ್ಲಿ ದುಡಿದ ಅಜ್ಜಂದಿರನ್ನು ಹುಡುಕುವ ಕೆಲಸ ಬ್ರಿಟನ್ನಿನಲ್ಲಿ ಈಗ ಬಹಳ ಜೋರಾಗಿ ನಡೀತಾ ಉಂಟು. ಅಲ್ಲಿನ ಇಂಗ್ಲಿಷ್ ಕುಟುಂಬಕ್ಕೆ ದಾರಿ ಸ್ವಲ್ಪ ಸಲೀಸು. ಈಸ್ಟ್ ಇಂಡಿಯಾ ಕಂಪೆನಿಯ ಹಡಗುಗಳ ದಿನಚರಿ ಮತ್ತು ಸಂಬಳದ ಪುಸ್ತಕಗಳು 1834ರವರೆಗಿನವು ಲಂಡನ್ನಿನ ಬ್ರಿಟಿಷ್ ಲೈಬ್ರೆರಿಯಲ್ಲಿ ಇವೆ. 1835ರಿಂದ 1857ರವರೆಗೆ ನಾವಿಕರ ರಿಜಿಸ್ಟರ್ ಉಂಟು, ಅದು ಕ್ಯೂ ಎಂಬಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ. 1863ರ ನಂತರದ ಸಿಬ್ಬಂದಿ ಪಟ್ಟಿಗಳಲ್ಲಿ ಹೆಚ್ಚಿನವು ಕೆನಡಾದ ನ್ಯೂಫೌಂಡ್‌ಲ್ಯಾಂಡಿಗೆ ಹೋಗಿವೆ. 1915ರ ಪಟ್ಟಿಗಳನ್ನು ಸ್ವಯಂಸೇವಕರು ಕೂತು ಒಂದೊಂದೇ ಹೆಸರು ಬರೆದು ಎಲ್ಲರಿಗೂ ಉಚಿತವಾಗಿ ಸಿಗುವ ಹಾಗೆ ಮಾಡಿದ್ದಾರೆ.

ಆದರೆ ಲಷ್ಕರ್? ಬ್ರಿಟಿಷರು ನಮ್ಮ ಕಡೆಯ ನಾವಿಕರನ್ನು ಕರೆಯುತ್ತಿದ್ದ ಹೆಸರು ಅದು. 1914ರ ಹೊತ್ತಿಗೆ ಬ್ರಿಟಿಷ್ ಹಡಗುಗಳಲ್ಲಿ ಇಂಥವರು ಸುಮಾರು ಐವತ್ತು ಸಾವಿರ ಇದ್ದರು. ಅಷ್ಟು ಜನರ ಗುರುತು ಹಿಡಿಯುವುದು ಕಷ್ಟ ಆಗಿರುವುದು ಆಕಸ್ಮಿಕ ಅಲ್ಲ, ಕಾನೂನೇ ಹಾಗಿತ್ತು.

1823ರ ಕಾಯ್ದೆ ಲಷ್ಕರರನ್ನು ಬ್ರಿಟಿಷ್ ನಾವಿಕರ ಲೆಕ್ಕದಿಂದ ಹೊರಗೆ ಇಟ್ಟಿತು. ಮುಂದೆ ಅವರಿಗೆ ಬೇರೆಯೇ ಕರಾರು ಬಂತು, ಏಷ್ಯಾದವರ ಕರಾರು. ಒಬ್ಬೊಬ್ಬನನ್ನು ಮಾತಾಡಿಸಿ ಕೆಲಸಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಸಾರಂಗ ಎಂಬ ಮುಖ್ಯಸ್ಥನ ಕೈಯಲ್ಲಿ ತಂಡವಾಗಿ ನೇಮಕ. ಕರಾರಿಗೆ ಹೆಬ್ಬೆಟ್ಟು ಬೀಳುತ್ತಿದ್ದುದು ಮುಂಬೈ ಅಥವಾ ಕಲ್ಕತ್ತಾದಲ್ಲಿ. ಹಡಗು ಲಂಡನಿನದ್ದು, ಕಾಗದ ಇಲ್ಲಿಯದ್ದು. ಹಾಗಾಗಿ ಅಲ್ಲಿ ಹುಡುಕಿದರೆ ಎಷ್ಟೋ ಸಲ ಸಿಗುವುದಿಲ್ಲ. ಸಂಬಳವೂ ಹಾಗೆಯೇ. 1939ರಲ್ಲಿ ಬ್ರಿಟಿಷ್ ನಾವಿಕನಿಗೆ ಸಿಗುತ್ತಿದ್ದುದರ ಸುಮಾರು ಐದನೇ ಒಂದು ಭಾಗ. ಸಂಬಳ ಕಡಿಮೆ ಇದ್ದವನ ಬಗ್ಗೆ ಬರೆದದ್ದೂ ಕಡಿಮೆ.

ಕಾಗದ ಇಲ್ಲದಿದ್ದರೆ ಏನಾಗ್ತದೆ ಎಂಬುದಕ್ಕೂ ಚರಿತ್ರೆಯಲ್ಲಿ ಉತ್ತರ ಉಂಟು. 1925ರಲ್ಲಿ ಬ್ರಿಟನ್ ಸರಕಾರ ಕಪ್ಪು ಮತ್ತು ಕಂದು ಬಣ್ಣದ ನಾವಿಕರ ಮೇಲೆ ಒಂದು ಆದೇಶ ತಂದಿತು. ತಾನು ಬ್ರಿಟಿಷ್ ಪ್ರಜೆ ಅಂತ ದಾಖಲೆ ತೋರಿಸಲಾಗದವನು ಪೊಲೀಸರ ಹತ್ತಿರ ಹೋಗಿ ವಿದೇಶಿ ಅಂತ ಹೆಸರು ಬರೆಸಬೇಕು. ಇಂಡಿಯಾ, ಏಡನ್, ಸೊಮಾಲಿಲ್ಯಾಂಡಿನವರು ಆಗ ಕಾನೂನು ಪ್ರಕಾರ ಬ್ರಿಟಿಷ್ ಪ್ರಜೆಗಳೇ. ಯುದ್ಧದಲ್ಲಿ ಹಡಗು ನಡೆಸಿದವರು. ಆದರೂ ಕಾರ್ಡಿಫ್‌ನಂಥ ಬಂದರುಗಳಲ್ಲಿ ಎಷ್ಟೋ ಮಂದಿ ರಾತ್ರಿ ಬೆಳಗಾಗುವುದರಲ್ಲಿ ವಿದೇಶಿಗಳಾದರು. ಕಾಗದಕ್ಕೆ ಇರುವ ಬೆಲೆ ಎಷ್ಟು ಅಂತ ನಮ್ಮ ಊರಿನಲ್ಲೂ ಈಗ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಸತ್ತವರ ವಿಷಯದಲ್ಲೂ ಅದೇ ಭೇದ ಕಾಣ್ತದೆ. ಎರಡನೇ ಮಹಾಯುದ್ಧದಲ್ಲಿ ಸಮುದ್ರದ ಪಾಲಾದ ಸುಮಾರು 24,000 ನಾವಿಕರ ಹೆಸರು ಲಂಡನ್ನಿನ ಟವರ್ ಹಿಲ್ ಸ್ಮಾರಕದಲ್ಲಿ ದಾರಿಹೋಕರಿಗೂ ಕಾಣುವ ಹಾಗೆ ಇವೆ. ಅದೇ ಯುದ್ಧದಲ್ಲಿ ಹೋದ ಇಂಡಿಯಾದ ಸುಮಾರು 6,000 ವ್ಯಾಪಾರಿ ನಾವಿಕರ ಹೆಸರು ಮುಂಬೈ ಮತ್ತು ಚಿತ್ತಗಾಂಗಿನಲ್ಲಿ ಇಟ್ಟ ಪುಸ್ತಕದೊಳಗೆ. ಮುಂಬೈಯದ್ದು ಮಸೀದಿ ಬಂದರಿನ ಇಂಡಿಯನ್ ಸೈಲರ್ಸ್ ಹೋಮ್‌ನಲ್ಲಿ ಉಂಟು. ಮೊದಲನೇ ಯುದ್ಧದಲ್ಲಿ ತೀರಿಹೋದ 2,000ಕ್ಕೂ ಹೆಚ್ಚು ನಾವಿಕರ ಸ್ಮಾರಕವೂ ಅಲ್ಲಿಯೇ. ಹೋಗಿ ನೋಡಿದವರು ನಮ್ಮಲ್ಲಿ ಎಷ್ಟು ಮಂದಿ?

ನಮ್ಮ ಕರಾವಳಿಯಿಂದಲೂ ಹಡಗು ಹತ್ತಿದವರಿದ್ದಾರೆ. 'ಉಪ್ಪಪ್ಪ ಮುಂಬೈಯಲ್ಲಿ ಹಡಗಿನಲ್ಲಿದ್ದರು' ಎಂಬಲ್ಲಿಗೆ ಎಷ್ಟೋ ಮನೆಗಳಲ್ಲಿ ಕಥೆ ಮುಗೀತದೆ. ಯಾವ ಹಡಗು, ಯಾವ ಕಂಪೆನಿ, ಎಂಜಿನ್ ಕೋಣೆಯಲ್ಲೋ ಡೆಕ್ಕಿನಲ್ಲೋ, ಗೊತ್ತಿಲ್ಲ.

ಹುಡುಕುವವರು ಮೊದಲು ತಿಳಿಯಬೇಕಾದ್ದು ಇದು: ಹೆಸರಿನಿಂದ ಅಲ್ಲ, ಹಡಗಿನಿಂದ ಶುರು ಮಾಡಬೇಕು. ಹಳೆಯ ಸಿಬ್ಬಂದಿ ಪಟ್ಟಿಗಳನ್ನು ಹಡಗಿನ ಪ್ರಕಾರ ಇಟ್ಟಿದ್ದಾರೆ. ಹಡಗಿನ ಹೆಸರು ಮತ್ತು ವರ್ಷ ಗೊತ್ತಿದ್ದರೆ ಅರ್ಧ ಕೆಲಸ ಆಯ್ತು. ಎರಡನೆಯದು, ಸ್ಪೆಲ್ಲಿಂಗ್. ಸಾಹೇಬ ಕಿವಿಗೆ ಬಿದ್ದ ಹಾಗೆ ಬರೆದದ್ದು. ಮೊಯಿದಿನ್ ಎಂಬ ಒಂದೇ ಹೆಸರನ್ನು ಹತ್ತು ತರದಲ್ಲಿ ಬರೆದು ನೋಡಬೇಕು. ಬ್ಯಾರಿ ಎಂಬುದು ಇರಲಿಕ್ಕಿಲ್ಲ, ತಂದೆಯ ಹೆಸರು, ಊರಿನ ಹೆಸರು ಇರಬಹುದು. ಯುದ್ಧದಲ್ಲಿ ಹೋದವರಾದರೆ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಪಟ್ಟಿಯನ್ನು ಮೊಬೈಲಿನಲ್ಲೇ ದುಡ್ಡು ಕೊಡದೆ ನೋಡಬಹುದು. ಅದರಲ್ಲಿ ಹಲವರ ತಂದೆಯ ಹೆಸರು, ಊರು ಸಹ ಉಂಟು.

ಮೂರನೆಯದು ನಮ್ಮ ಮನೆಯಲ್ಲೇ ಇರಬಹುದು. ನಾವಿಕರಿಗೆ ಒಂದು ಪುಸ್ತಕ ಕೊಡ್ತಾರೆ, ಸಿಡಿಸಿ ಅಂತ. ಹಳೇ ಖಲಾಸಿಗಳು 'ನಲ್ಲಿ' ಅಂತ ಹೇಳುತ್ತಿದ್ದರು. ಹತ್ತಿದ ಹಡಗು, ಹತ್ತಿದ ದಿನ, ಇಳಿದ ದಿನ, ಮಾಡಿದ ಕೆಲಸ, ಎಲ್ಲ ಅದರಲ್ಲಿ ಮೊಹರು ಬಿದ್ದು ಉಳಿದಿರ್ತದೆ. ಲಂಡನಿನಲ್ಲಿ ಸಿಗದ್ದು ಅಟ್ಟದ ಮೇಲಿನ ಟ್ರಂಕಿನಲ್ಲಿ ಸಿಗಬಹುದು. ಹಳೇ ಮನೆ ಕೆಡವಿ ಹೊಸತು ಕಟ್ಟುವಾಗ ಗುಜರಿಗೆ ಮೊದಲು ಹೋಗುವುದೇ ಆ ಟ್ರಂಕು.

ಬೆಳ್ಳಿಯ ಕಾಗದ ಜೋಪಾನವಾಗಿ ಉಳಿಯಿತು. ಖಲಾಸಿಯ ಕಾಗದ ಜೋಪಾನ ಮಾಡಬೇಕಾದವರು ಅವನ ಮನೆಯವರೇ. ಟ್ರಂಕು ಮಾರುವ ಮೊದಲು ಒಮ್ಮೆ ಬಿಚ್ಚಿ ನೋಡಿ. ಪುಸ್ತಕ ಸಿಕ್ಕಿದರೆ ಪ್ರತಿ ಪುಟದ ಫೋಟೊ ತೆಗೆದಿಡಿ. ಹಡಗಿನಲ್ಲಿದ್ದ ಹಿರಿಯರು ಇನ್ನೂ ಇದ್ದರೆ ಹಡಗಿನ ಹೆಸರು, ವರ್ಷ ಕೇಳಿ ಬರೆದಿಡಿ. ಇದು ಈ ವಾರವೇ ಆಗಬೇಕಾದ ಕೆಲಸ. ಕಾಗದವನ್ನು ಗೆದ್ದಲು ಬಿಡುವುದಿಲ್ಲ, ವಯಸ್ಸೂ ಕಾಯುವುದಿಲ್ಲ.