ಬೆಲ್ಲ ಅರಿಷಿಣ ಹಾಕಿದ್ರ ನಾಯಿ ಕೆಮ್ಮು ಹೊಕ್ಕೈತೇನ್ರೀ?

"ಗಂಟಲಾಗ ಎಲುವು ಸಿಕ್ಕಿರತೈತಿ, ಬೆಲ್ಲ ಅರಿಷಿಣ ಹಾಕ್ರಿ, ಹೊಕ್ಕೈತಿ." ಓಣ್ಯಾಗ ಯಾರ ಮನಿ ನಾಯಿ ಕೆಮ್ಮಿದ್ರೂ ಇದ ಮಾತು. ಕೇಳಿ ಕೇಳಿ ಸಾಕಾಗೈತಿ ನನಗ. ಎಮ್ಮಿ ಒಂದ್ ಹೊತ್ತು ಮೇವು ಬಿಟ್ರ ಡಾಕ್ಟರಿಗೆ ಫೋನ್ ಹಚ್ತೀವಿ, ಯಾಕಂದ್ರ ಡೇರಿಗೆ ಹಾಲು ಹೋಗಬೇಕು. ನಾಯಿ ತಿಂಗಳಗಟ್ಟಲೆ ಕೆಮ್ಮಿದ್ರೂ ಕೇಳೋರಿಲ್ಲ.

ಅದೂ ಯಾವ ಸೀಮ್ಯಾಗ್ರಿ? ಮುಧೋಳ ನಾಯಿ ಸೀಮ್ಯಾಗ! 2005ರಾಗ ಅಂಚೆ ಇಲಾಖೆಯವರು ಅದರ ಚಿತ್ರದ ಸ್ಟಾಂಪ್ ತಂದ್ರು. ತಿಮ್ಮಾಪುರದಾಗ ನಾಯಿ ಸಂಶೋಧನಾ ಕೇಂದ್ರನ ಐತಿ. ಮಿಲ್ಟ್ರಿಗೂ ಹೋಗ್ಯಾವು. ಬೀಗರ ಮುಂದ ಇದನ್ನೆಲ್ಲಾ ಎದಿ ಉಬ್ಬಿಸಿ ಹೇಳೋ ಗಂಡಸರು, ನಾಯಿನ್ನ ದವಾಖಾನಿಗೆ ಒಯ್ರಿ ಅಂದ್ರ ನಗತಾರ. ಮರಿ ಮಾರಿದ ರೊಕ್ಕ ಎಣಿಸುವಾಗ ನಗೂದಿಲ್ಲ.

ಎಲುವಿನ ಮಾತಿಗೆ ಬರೂಣು. ಒಣ ಕೆಮ್ಮು ಕೆಮ್ಮಿ ಕೆಮ್ಮಿ ಕಡೀಕ ನೊರಿ ಕಾರತೈತಲ್ಲ, ಅದು ಭಾಳ ಸಲ ಒಂದು ನಾಯಿಂದ ಇನ್ನೊಂದಕ್ಕ ಹತ್ತೋ ಕೆಮ್ಮು. ಉಂಡು ತಿಂದು ಆಡಿಕೊಂಡಿದ್ರ ಎರಡು ವಾರದಾಗ ತಾನಾಗೇ ಇಳಿಯೂದೂ ಉಂಟು. ಅಲ್ಲೀತನಕ ಬ್ಯಾರೆ ನಾಯಿಗಳ ಹಂತ್ಯಾಕ ಬಿಡಬ್ಯಾಡ್ರಿ, ಕೊಳ್ಳಾಗಿನ ಪಟ್ಟಿ ಹಿಡಿದು ಜಗ್ಗಬ್ಯಾಡ್ರಿ. ವಾರ ಕಳೆದ್ರೂ ಕಡಿಮಿ ಆಗಲಿಲ್ಲಂದ್ರ ತೋರಸ್ರಿ. ಮರಿ ಕೆಮ್ಮಿ, ಕಣ್ಣು ಮೂಗು ಸುರಿದು, ಮೈ ಸುಡಾಕ ಹತ್ತಿದ್ರ ವಾರ ಯಾಕ ಕಾಯ್ತೀರಿ, ಅವತ್ತ ಹೋಗ್ರಿ. ಲಸಿಕಿ ಹಾಕಿಸದ ಮರಿಗೆ ಡಿಸ್ಟೆಂಪರ್ ಬಂದಿದ್ರ ಉಳಿಯೂದು ಕಷ್ಟ.

ವಯಸ್ಸಾದ ನಾಯಿ ಕೆಮ್ಮಿದ್ರ "ರವದಿ ಸುಟ್ಟ ಹೊಗಿ ಕುಡದೈತಿ" ಅಂತೀವಿ. ಹೊಗಿಗೂ ಕೆಮ್ಮು ಬರತೈತಿ, ಖರೆ. ಆದ್ರ ರಾತ್ರಿ ಮಲಗಿದಾಗ ಕೆಮ್ಮು ಹೆಚ್ಚಾಗಿ, ನಾಕ್ ಹೆಜ್ಜಿಗೆ ತೇಕು ಬಂದು, ಹೊಟ್ಟಿ ಉಬ್ಬಿದ್ರ ಹೃದಯದ ಬ್ಯಾನಿ ಇರಬಹುದು. ವಸಡಿ, ನಾಲಗಿ ನೀಲಿ ಇಲ್ಲಾ ಬೆಳ್ಳಗ ಆದ್ರ, ಕೆಮ್ಮಿದಾಗ ರಕ್ತ ಬಿದ್ರ, ಉಸಿರಿಗೆ ಹೊಟ್ಟಿ ಒದ್ದಾಡಿದ್ರ ಬೆಳಗಾಗೂತನಕ ಕಾಯಬಾರದು.

ಎಲುವು ತಗೀತೀನಂತ ಬಾಯಾಗ ಕೈ ಹಾಕೋ ಶಾಣ್ಯಾರೂ ಅದಾರ. ದನಿ ಬದಲಾಗಿ, ಜೊಲ್ಲು ಸುರಿಸ್ಕೋತ, ನುಂಗಾಕ ಬರದ ಒದ್ದಾಡೋ ನಾಯಿಗೆ ರೇಬಿಸ್ ಇರಬಹುದು, ತಂಗೇರ. ಅದು ಥೇಟ್ ಎಲುವು ಸಿಕ್ಕಂಗ ಕಾಣಸ್ತೈತಿ. ಜೊಲ್ಲು ಹತ್ತಿದ್ರ, ಹಲ್ಲು ತಾಗಿದ್ರ ಹದಿನೈದು ನಿಮಿಷ ಸಾಬಾಣ ಹಚ್ಚಿ ಹರಿಯೋ ನೀರಾಗ ತೊಳದು, ನಾವ ಮೊದಲು ದವಾಖಾನಿಗೆ ಓಡಬೇಕು.

ಮತ್ತ ಆ ನಮ್ಮ ಗುಳಿಗಿ! ಪ್ಯಾರಾಸಿಟಮಾಲ್ ನಾಯಿ ಲಿವರ್ ಕೆಡಸ್ತೈತಿ, ರಕ್ತಾನೂ ಕೆಡಸ್ತೈತಿ. ಮಕ್ಕಳ ಕೆಮ್ಮಿನ ಔಷಧದ ಬಾಟ್ಲಿಯೊಳಗ ಏನೇನು ಕೂಡಿಸಿರತಾರ ಯಾರಿಗೆ ಗೊತ್ತು? ಡಾಕ್ಟರನ್ನ ಕೇಳದ ಒಂದು ಹನಿನೂ ಹಾಕಬ್ಯಾಡ್ರಿ.

ನಾಯಿಗೆ ರೊಟ್ಟಿ ಹಾಕಾಕಿ ನೀವು, ರಾತ್ರಿ ಅದರ ಕೆಮ್ಮು ಕೇಳಾಕಿ ನೀವು. ದವಾಖಾನಿಗೆ ಒಯ್ಯೂದೋ ಬ್ಯಾಡೋ ಅನ್ನೂದನ್ನ ಕಟ್ಟಿ ಮ್ಯಾಲ ಕುಂತವರು ಯಾಕ ಹೇಳಬೇಕು? ಹೋಗೂ ಮುಂದ ಕೆಮ್ಮೂದನ್ನ ಮೊಬೈಲದಾಗ ವಿಡಿಯೋ ಮಾಡ್ಕೊಂಡು ಹೋಗ್ರಿ. ಡಾಕ್ಟರ ಮುಂದ ನಿಂತಾಗ ಅವು ಕೆಮ್ಮೂದs ಇಲ್ಲ.