ಸೋರುವ ರೇಡಿಯೇಟರಿಗೆ ನೀರೊಂದೇ ಮದ್ದೆ?

ಬೇಸಗೆಯ ನಡುಹಗಲು. ರಾಯಚೂರು ಜಿಲ್ಲೆಯ ಮಸರಕಲ್ಲಿನಂಥ ಊರೊಂದರ ರಸ್ತೆಯ ಬದಿಯಲ್ಲಿ ಹಳೆಯ ಜೀಪೋ ಅಂಬಾಸಿಡರೋ ಬಾನೆಟ್ಟು ತೆರೆದು ನಿಂತಿರುತ್ತದೆ. ಚಾಲಕನು ಕೊಡ ತಂದು ನೀರು ಸುರಿಯುತ್ತಾನೆ. ಯಂತ್ರ ತಣಿಯಿತೆಂದು ಮುಂದೆ ಸಾಗುತ್ತಾನೆ. ನಾಳೆ ಮತ್ತೆ ಕೊಡ, ಮತ್ತೆ ನೀರು. ಹೀಗೆ ಸುರಿಯುವ ನೀರೇ ರೋಗವನ್ನು ಬೆಳೆಸುತ್ತದೆಂಬುದು ನನ್ನ ಅಭಿಪ್ರಾಯ.

ಈ ಸೀಮೆಯ ಅನೇಕ ಕೊಳವೆಬಾವಿಗಳ ನೀರು ಗಡಸು. ಅದರಲ್ಲಿ ಕರಗಿರುವ ಕ್ಯಾಲ್ಸಿಯಮ್ ಬೈಕಾರ್ಬೊನೇಟು ಕಾದಾಗ ವಿಘಟನೆ ಹೊಂದಿ, ಕರಗದ ಕಾರ್ಬೊನೇಟಾಗಿ ಒಳಗೋಡೆಗೆ ಅಂಟುತ್ತದೆ. ಬಚ್ಚಲುಮನೆಯ ಹಂಡೆಯೊಳಗೆ ಕಾಣುವ ಬಿಳಿಯ ಚಕ್ಕೆ ಇದೇ. ಸೋರದ ಗಾಡಿಯಲ್ಲಿ, ಒಮ್ಮೆ ತುಂಬಿದ ನೀರಿನ ಲವಣ ಒಮ್ಮೆ ಕುಳಿತರೆ ಮುಗಿಯಿತು. ಸೋರುವ ಗಾಡಿಗಾದರೋ ದಿನವೂ ಹೊಸ ನೀರು, ಹೊಸ ಲವಣ. ಲೀಟರಿಗೆ ಅರ್ಧ ಗ್ರಾಂ ಲವಣವಿರುವ ನೀರನ್ನು ದಿನಕ್ಕೊಂದು ಲೀಟರಿನಂತೆ ಸುರಿದರೆ ತಿಂಗಳಿಗೆ 15 ಗ್ರಾಂ ಒಳಹೊಕ್ಕ ಲೆಕ್ಕ. ಅದರಲ್ಲಿ ಒಂದು ಪಾಲು ಸೋರಿಕೆಯೊಡನೆ ಹೊರಬಿದ್ದರೂ ಉಳಿದದ್ದು ರೇಡಿಯೇಟರಿನ ಕಿರುಗೊಳವೆಗಳನ್ನು ಇಕ್ಕಟ್ಟುಗೊಳಿಸುತ್ತದೆ. ಯಂತ್ರ ಇನ್ನಷ್ಟು ಕಾಯುತ್ತದೆ.

ಹಾಗಾದರೆ ಸೋರುವೆಡೆಯನ್ನೇ ಏಕೆ ಹುಡುಕಬಾರದು? ಅದು ಸುಲಭವಾಗಿ ಕಣ್ಣಿಗೆ ಬೀಳದು. ತಣ್ಣಗೆ ನಿಂತ ಗಾಡಿಯಲ್ಲಿ ಒತ್ತಡವಿಲ್ಲ. ಕಾದಾಗ ರೇಡಿಯೇಟರಿನ ಮುಚ್ಚಳದ ಸ್ಪ್ರಿಂಗು ಒತ್ತಡವನ್ನು ಹಿಡಿದಿಡುವುದರಿಂದ ನೀರು 100 ಡಿಗ್ರಿ ಸೆಲ್ಸಿಯಸ್ ಮೀರಿದರೂ ಕುದಿಯದು. ಒತ್ತಡವು ವಾಯುಮಂಡಲದ ಇಮ್ಮಡಿಯಾದರೆ ಕುದಿಬಿಂದು ಸುಮಾರು 120 ಡಿಗ್ರಿ. (ಹಳೆಯ ಗಾಡಿಗಳ ಮುಚ್ಚಳ ಇಷ್ಟನ್ನು ತಡೆಯದಿರಬಹುದು, ತತ್ತ್ವ ಒಂದೇ.) ಕೂದಲೆಳೆಯ ಬಿರುಕು ಬಾಯಿಬಿಡುವುದು ಆಗಲೇ. ಹೊರಬಿದ್ದ ಹನಿ ಬಿಸಿ ಲೋಹದ ಮೇಲೆಯೇ ಆರಿಹೋಗಿ, ನೆಲದ ಮೇಲೆ ಗುರುತು ಉಳಿಯುವುದಿಲ್ಲ.

ಆದರೆ ಗಡಸು ನೀರು ತನ್ನ ಕಳ್ಳದಾರಿಗೆ ತಾನೇ ಸಾಕ್ಷಿ. ಅದು ಆರಿದೆಡೆಯಲ್ಲಿ ಬಿಳಿಯ ಕಲೆ ನಿಲ್ಲುತ್ತದೆ. ಯಂತ್ರ ಪೂರ್ತಿಯಾಗಿ ತಣಿದ ಮೇಲೆ ರಬ್ಬರು ಕೊಳವೆಗಳ ಕ್ಲಿಪ್ಪುಗಳ ಸುತ್ತ, ನೀರಿನ ಪಂಪಿನ ಕೆಳಗಿರುವ ಸಣ್ಣ ರಂಧ್ರದ ಬಳಿ, ರೇಡಿಯೇಟರಿನ ಬೆಸುಗೆಯ ಅಂಚಿನಲ್ಲಿ ಆ ಕಲೆಯನ್ನು ಅರಸಿರಿ. ಬಿಸಿಯಿರುವಾಗ ಮುಚ್ಚಳ ತಿರುಗಿಸುವ ಸಾಹಸ ಮಾತ್ರ ಬೇಡ. ಒತ್ತಡ ತಗ್ಗಿದ ಕ್ಷಣವೇ ನೀರು ಆವಿಯಾಗಿ ಮುಖಕ್ಕೆ ಚಿಮ್ಮುತ್ತದೆ. ಹೊರಗೆಲ್ಲಿಯೂ ಕಲೆಯಿಲ್ಲದೆ ನೀರು ಇಳಿಯುತ್ತಿದ್ದು, ಎಂಜಿನ್ ಎಣ್ಣೆ ಮಜ್ಜಿಗೆಯ ಬಣ್ಣಕ್ಕೆ ತಿರುಗಿದ್ದರೆ ಹೆಡ್ ಗ್ಯಾಸ್ಕೆಟ್ಟಿನ ಮೇಲೆ ಸಂದೇಹಪಡಬೇಕು. ಅದು ಮೆಕ್ಯಾನಿಕರ ಕೆಲಸ.

ರೇಡಿಯೇಟರಿಗೆ ಅರಿಶಿನದ ಪುಡಿ ಹಾಕುವ ಚಾಲಕರ ಉಪಾಯವನ್ನು ನಾನು ಹೀಗಳೆಯಲಾರೆ. ಪುಡಿಯ ಕಣಗಳು ಬಿರುಕಿಗೆ ಸಿಲುಕಿ ಕೊಂಚ ಹೊತ್ತು ತಡೆದಾವು. ಊರು ಸೇರಲು ಅಷ್ಟು ಸಾಕು. ಆದರೆ ಬಿರುಕು ಯಾವುದು, ಕಿರುಗೊಳವೆ ಯಾವುದು ಎಂಬ ವಿವೇಚನೆ ಆ ಕಣಕ್ಕಿಲ್ಲ.

ಕ್ಲಿಪ್ಪು ಬಿಗಿಸಿ, ಹಳಸಿದ ಕೊಳವೆ ಬದಲಿಸಿ, ಒಳಗನ್ನು ತೊಳೆಯಿಸಿ, ಭಟ್ಟಿಯಿಳಿಸಿದ ನೀರಿಗೆ ಗ್ಲೈಕಾಲಿನ ಕೂಲೆಂಟ್ ಬೆರೆಸಿ ತುಂಬಿರಿ. ಮಟ್ಟವೆಷ್ಟಿದೆಯೆಂದು ಗುರುತಿಟ್ಟುಕೊಂಡು, ವಾರದ ಬಳಿಕ ಬೆಳಗಿನ ತಂಪಿನಲ್ಲಿ ನೋಡಿರಿ. ಇಳಿದಿದ್ದರೆ ಹುಡುಕಾಟ ಮತ್ತೆ ಮೊದಲಾಗಬೇಕು.